ಅವ್ವ ಹೇಳಿದ ಎರಡನೆಯ ಸಾಲು

ಟ್ರಂಕಿನ ತಳದಲ್ಲಿ ಇವತ್ತು ಒಂದು ಲಾವಂಚದ ಬೀಸಣಿಕೆ ಸಿಕ್ಕಿತು. ಉಣ್ಣೆಯ ಬಟ್ಟೆಗಳನ್ನು ಬಿಸಿಲಿಗೆ ಹಾಕಬೇಕೆಂದು ಕೆದಕುತ್ತಿದ್ದೆ; ಹಳೆಯ ಇರಕಲ್ ಸೀರೆಯ ಮಡಿಕೆಯೊಳಗಿಂದ ಜಾರಿ ಕಾಲ ಮೇಲೆ ಬಿತ್ತು. ಅಂಚಿನ ಕೆಂಪು ಬಟ್ಟೆ ಕಂದಿದೆ, ಹಿಡಿಕೆ ಅಲುಗಾಡುತ್ತದೆ. ಮೂವತ್ತು ವರ್ಷ ದಾಟಿದ ಬೇರಿನಲ್ಲಿ ಇನ್ನೇನು ವಾಸನೆ ಇದ್ದೀತು ಎಂದುಕೊಂಡು ನಾಲ್ಕು ಹನಿ ನೀರು ಚಿಮುಕಿಸಿದೆ. ಬಂತು ನೋಡಿ! ಕಪಾಟಿಗೆ ಒರಗಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಬೆಳಿಗ್ಗೆಯಿಂದ ನನಗೆ ಸ್ವಲ್ಪ ಸಿಟ್ಟೂ ಇತ್ತೆನ್ನಿ. ನನ್ನ ಮಗಳು ಇಂದೂಗೆ ಹದಿನಾರು. ಚಹಾ ಕುಡಿಯುತ್ತ, ನನ್ನ ಮುಖ ನೋಡದೆ ಒಂದು ಮಾತು ಹೇಳಿದಳು: "ಅವ್ವಾ, ಮಧ್ಯಾಹ್ನ ನನ್ನ ಗೆಳತ್ಯಾರು ಬರ್ತಾರ. ಅವರ ಮುಂದ ನೀ ಕನ್ನಡ ಹಾಡು ಹಾಡ್ಕೋತ ಅಡ್ಡಾಡಬ್ಯಾಡ ಮತ್ತ. ನಗತಾರ." ನಾನು ಬಾಯಿಗೆ ಬಂದದ್ದೆಲ್ಲ ಹೇಳುವವಳಿದ್ದೆ. ಹೇಳಲಿಲ್ಲ. ಏಕೆಂದರೆ ಈ ವಿಷಯದಲ್ಲಿ ಅವಳನ್ನು ಬೈಯುವ ಯೋಗ್ಯತೆ ನನಗಿಲ್ಲ. ಯಾಕಿಲ್ಲ ಎನ್ನುವುದು ಈ ಬೀಸಣಿಕೆಗೆ ಗೊತ್ತು. ನಿಮಗೂ ಹೇಳುತ್ತೇನೆ, ಬಟ್ಟೆ ಒಣಗುವವರೆಗೆ ಹೇಗೂ ಹೊತ್ತಿದೆ.

ಅಪ್ಪನಿಗೆ ಪುಣೆಯ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನ ಕೆಲಸವಾದಾಗ ನಾವು ಧಾರವಾಡದ ಕಡೆಯಿಂದ ಬಂದು ಸದಾಶಿವ ಪೇಠದ ಒಂದು ವಾಡೆಯಲ್ಲಿ ಎರಡು ಕೋಣೆ ಹಿಡಿದೆವು. ನಡುವೆ ಅಂಗಳ, ಸುತ್ತ ಎಂಟು ಸಂಸಾರ, ಎಲ್ಲರಿಗೂ ಸೇರಿ ಒಂದು ಹೌದು, ಅಂದರೆ ನೀರಿನ ತೊಟ್ಟಿ, ಒಂದು ದೊಡ್ಡ ಬೀಸುವ ಕಲ್ಲು. ಅವ್ವನ ತವರು ಮಲಪ್ರಭೆಯ ದಂಡೆಯ ಮೇಲಿನ ಹಳ್ಳಿ. ಅಲ್ಲಿ ಹೆಂಗಸರು ಎದುರು ಬದುರು ಕೂತು ಕಲ್ಲಿನ ಗೂಟ ಹಿಡಿಯುತ್ತಿದ್ದರು. ಒಬ್ಬಳು ಒಂದು ಸಾಲು ಹಾಡಿದರೆ ಎದುರಿನವಳು ಮುಂದಿನ ಸಾಲು ಹೇಳಬೇಕು. ಹೇಳದಿದ್ದರೆ ಕಲ್ಲು ಭಾರವಾಗುತ್ತದೆಂದು ಅವ್ವ ನಂಬಿದ್ದಳು. ಪುಣೆಯಲ್ಲಿ ಎದುರಿಗೆ ಯಾರೂ ಇಲ್ಲದ್ದರಿಂದ ಎರಡೂ ಸಾಲನ್ನು ತಾನೇ ಹೇಳಿಕೊಂಡು ಬೆಳಗಾಗುವ ಮುನ್ನ ಜೋಳ ಬೀಸುತ್ತಿದ್ದಳು.

ಅದು ಒಂದು ತಿಂಗಳೂ ನಡೆಯಲಿಲ್ಲ. ಎದುರು ಮನೆಯ ಗೋದಾಕಾಕೂ ಬಂದಳು. ವಾಡೆಯಲ್ಲಿ ಅವಳ ಮಾತೆಂದರೆ ಮಾತು. ಮೂಗಿನಲ್ಲಿ ಇಷ್ಟು ದೊಡ್ಡ ಮುತ್ತಿನ ನತ್ತು, ಕೈಯಲ್ಲಿ ಬೇಸಿಗೆ ಪೂರ್ತಿ ಲಾವಂಚದ ಬೀಸಣಿಕೆ. ತನ್ನ ಯಜಮಾನರ ಜಪಕ್ಕೆ ಈ 'ಕಾನಡೀ' ಹಾಡಿನಿಂದ ತೊಂದರೆಯಾಗುತ್ತದೆ ಎಂದು ಮರಾಠಿಯಲ್ಲಿ ನಯವಾಗಿಯೇ ಹೇಳಿದಳು. ಅವ್ವನಿಗೆ ಅರ್ಧ ತಿಳಿಯಿತು. ಉಳಿದರ್ಧವನ್ನು ಅಪ್ಪ ಸಂಜೆ ತಿಳಿಸಿದ.

"ಊರು ಹೊಸಾದು, ನೌಕರಿ ಹೊಸಾದು. ನಮ್ಮಿಂದ ಮಂದಿಗ್ಯಾಕ ತ್ರಾಸು? ಹಾಡೂದು ಬಿಟ್ಟಬಿಡು."

"ಆತ್ರೀ," ಅಂದಳು ಅವ್ವ.

ಬಿಟ್ಟೂ ಬಿಟ್ಟಳು. ಎರಡು ವರ್ಷ ಅವ್ವ ಬಾಯಿ ಮುಚ್ಚಿಕೊಂಡು ಬೀಸಿದಳು. ಬರೀ ಕಲ್ಲಿನ ಗುರ್ ಗುರ್ ಸದ್ದು. ಬೀಸುವಾಗಷ್ಟೇ ಅಲ್ಲ, ತಮ್ಮನನ್ನು ತೊಟ್ಟಿಲಲ್ಲಿ ತೂಗುವಾಗಲೂ ಹಾಡಲಿಲ್ಲ. ಹಬ್ಬದ ಆರತಿಗೂ ಗಂಟಲು ನೋವೆಂದು ತಪ್ಪಿಸಿಕೊಂಡಳು. ನನಗಾಗ ಹತ್ತು ವರ್ಷ. ಮರಾಠಿ ಶಾಲೆಗೆ ಹೋಗುತ್ತಿದ್ದೆ, ಹೌದಿನ ಹತ್ತಿರ ಹುಡುಗಿಯರೊಡನೆ ಅಪ್ಪಟ ಪೇಠದ ಮರಾಠಿಯಲ್ಲಿ ಜಗಳವಾಡುತ್ತಿದ್ದೆ. ನಿಜ ಹೇಳಲೇ? ಅವ್ವ ಸುಮ್ಮನಾದದ್ದು ನನಗೆ ಒಳಗೊಳಗೇ ಹಿತವಾಗಿತ್ತು. ದೊಡ್ಡ ಜಾಣೆ ನಾನು!

ಆ ಬೇಸಿಗೆಯಲ್ಲಿ ಪೇಟೆಗೆ ಹೆಸರಾಂತ ನಾಟಕ ಕಂಪನಿ ಬಂತು. ಹಳೆಯ ಸಂಸ್ಕೃತ ನಾಟಕವೊಂದನ್ನು ಮರಾಠಿ ಹಾಡುಗಳಲ್ಲಿ ಕೂರಿಸಿದ್ದರು. ಕಾಡಿನಲ್ಲಿ ಬೆಳೆದ ಹುಡುಗಿ, ಕೈಹಿಡಿದು ಮರೆಯುವ ರಾಜ. ಹೆಸರು ಹೇಳದಿದ್ದರೂ ನಿಮಗೆ ಗೊತ್ತಾಗುತ್ತದೆ. ಸಂಸಾರಸ್ಥರಿಗೆಂದೇ ಭಾನುವಾರ ಮಧ್ಯಾಹ್ನದ ಆಟ. ಅಪ್ಪನ ಕಚೇರಿಯ ಹೆಡ್ ಕ್ಲಾರ್ಕ್ ಸಾಹೇಬರು "ಸಂಸಾರ ಸಮೇತ ಬನ್ನಿ" ಎಂದು ತಾವೇ ಕರೆದಿದ್ದರು. ಅಪ್ಪ ಹಿಂದಿನ ದಿನವೇ ರುಮಾಲು ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ ನೋಡಿಕೊಂಡ. ಹೊರಡುವಾಗ ಅವ್ವನಿಗೆ ಹೇಳಿದ್ದು ಇಷ್ಟೇ: "ಸಾಹೇಬರ ಮನಿಯಾಕಿ ಅಲ್ಲೇ ಇರ್ತಾರ. ಭಾಳ ಮಾತಾಡಾಕ ಹೋಗಬ್ಯಾಡ."

"ನಾ ಯಾವಾಗ ಭಾಳ ಮಾತಾಡೇನ್ರೀ?" ಅಂದಳು ಅವ್ವ. ಅಪ್ಪ ರುಮಾಲನ್ನು ಇನ್ನೊಮ್ಮೆ ಮುಟ್ಟಿ ನೋಡಿಕೊಂಡು ಚಪ್ಪಲಿ ಮೆಟ್ಟಿದ.

ಗಂಡಸರು ಕೆಳಗೆ; ಹೆಂಗಸರು, ಮಕ್ಕಳು ಮೇಲಿನ ಅಟ್ಟಣಿಗೆಯಲ್ಲಿ, ಬಿದಿರಿನ ಪರದೆಯ ಹಿಂದೆ. ಆ ಅಟ್ಟಣಿಗೆಯನ್ನು ನೀವು ನೋಡಬೇಕಿತ್ತು. ತಗಡಿನ ಚಾವಣಿಯ ಕೆಳಗೆ ಬೆವರು, ಮಲ್ಲಿಗೆ, ಹಾಲಿಗೆ ಅಳುವ ಕೂಸುಗಳು, ಡಬ್ಬಿಯಲ್ಲಿ ಚಕ್ಕುಲಿ, ತಂಬಿಗೆಯಲ್ಲಿ ನೀರು. ವಾಡೆಯ ಹೆಂಗಸರೆಲ್ಲ ಒಂದೇ ಸಾಲು ಹಿಡಿದಿದ್ದೆವು. ಗೋದಾಕಾಕೂ ಬೀಸಣಿಕೆಗೆ ನೀರು ಚಿಮುಕಿಸಿಕೊಂಡು ನಡುವೆ ಕೂತಳು. ಅವಳ ಒಂದು ಪಕ್ಕಕ್ಕೆ ಅವ್ವ, ಅವ್ವನ ಪಕ್ಕಕ್ಕೆ ನಾನು. ಮುಂದಿನ ಸಾಲಿನಲ್ಲಿ ಸಾಹೇಬರ ಹೆಂಡತಿ.

ನಾಯಕಿಯ ಪಾತ್ರ ಮಾಡಿದವನು ಗಂಡಸು. ಆಗ ಹಾಗೆಯೇ ಇತ್ತು. ಆದರೆ ಅವನು ಸೆರಗು ಸರಿಪಡಿಸಿಕೊಂಡ ರೀತಿಗೆ ಮೇಲಿದ್ದ ನೂರು ಹೆಂಗಸರು ತಮ್ಮ ತಮ್ಮ ಸೆರಗು ಮುಟ್ಟಿ ನೋಡಿಕೊಂಡರು. "ನನ್ನ ನತ್ತಿನಂಥದ್ದೇ ಹಾಕಿದ್ದಾನೆ," ಎಂದು ಗೋದಾಕಾಕೂ ಹೆಮ್ಮೆಯಿಂದ ಪಿಸುಗುಟ್ಟಿದಳು. ಯಾರ ನತ್ತು ನೋಡಿ ಯಾರು ಮಾಡಿಸಿದರೋ, ನಾನು ಕೇಳಲಿಲ್ಲ.

ಹುಡುಗಿ ಗಂಡನ ಮನೆಗೆ ಹೊರಡುವ ದೃಶ್ಯ ಬಂತು. ಆರ್ಗನ್ನಿನ ದನಿ ಮೆಲ್ಲಗೆ ಎದ್ದಿತು. ನಾಯಕಿ ಮೊದಲ ಸಾಲು ಎತ್ತಿಕೊಂಡಳು, ಅಂದರೆ ಎತ್ತಿಕೊಂಡ. ಅವ್ವ ಥಟ್ಟನೆ ನನ್ನ ಮಣಿಕಟ್ಟು ಹಿಡಿದಳು. ಮಾತು ಮರಾಠಿ, ಆದರೆ ಮಟ್ಟು ಅವ್ವನ ಬೀಸುವ ಕಲ್ಲಿನದು! ಆ ಕಾಲದ ಕಂಪನಿಗಳು ನಮ್ಮ ಕಡೆಯ ಮಟ್ಟುಗಳನ್ನು ಎತ್ತಿಕೊಳ್ಳುತ್ತಿದ್ದವೆಂದು ಆಮೇಲೆ ತಿಳಿಯಿತು. ಅವ್ವನಿಗೆ ಅದೆಲ್ಲಿ ಗೊತ್ತು? ತನ್ನ ತವರಿನ ಅಂಗಳವೇ ರಂಗದ ಮೇಲೆ ಬಂದು ನಿಂತಂತೆ ಕಣ್ಣು ಬಿಟ್ಟು ನೋಡುತ್ತಿದ್ದಳು.

ಹಾಡು ಮುಗಿಯಿತು. ಕೆಳಗಿನಿಂದ "ವನ್ಸ್ ಮೋರ್! ವನ್ಸ್ ಮೋರ್!" ಎಂದು ಗದ್ದಲ. ನಟ ನಮಸ್ಕರಿಸಿ ಮತ್ತೆ ಮೊದಲ ಸಾಲು ಹಾಡಿದ. ಈ ಸಲ ಕೊನೆಯ ಸ್ವರವನ್ನು ಎಳೆದು, ಉಸಿರು ತೆಗೆದುಕೊಳ್ಳಲು ಒಂದು ಗಳಿಗೆ ನಿಂತ. ಆ ಸಂದಿನಲ್ಲಿ ನನ್ನ ಪಕ್ಕದಿಂದ ಎದ್ದಿತು ದನಿ:

"ತಾಳ ತಪ್ಪದ್ಹಂಗ ತಿರುಗವ್ವ, ನನ್ನೂರ..."

ಎದುರಿನವಳು ಒಂದು ಸಾಲು ಹೇಳಿದಳು, ಅವ್ವ ಮುಂದಿನದನ್ನು ಹೇಳಿದಳು. ಅಷ್ಟೇ. ಅವಳಿಗೆ ತಾನು ಹಾಡಿದ್ದೇ ತಿಳಿದಿರಲಿಲ್ಲ. ತಿಳಿದ ಕೂಡಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗೋದಾಕಾಕೂ ಮೊಣಕೈ ತಿವಿದಳು. ಕೆಳಗೆ ಯಾರೋ ಬೈದರು, ಯಾರೋ ಸೀಟಿ ಹಾಕಿದರು. ಸಾಹೇಬರ ಹೆಂಡತಿ ಹಿಂದಕ್ಕೆ ತಿರುಗಿ ನನ್ನನ್ನು ಕೇಳಿದಳು: "ಕೋಣ ಗ ಹೀ?" ಯಾರೇ ಇವಳು?

"ಮಾಹೀತ ನಾಹೀ," ಅಂದೆ ನಾನು. ಗೊತ್ತಿಲ್ಲ ಅಂದೆ. ಅಂದು, ಎರಡು ಗೇಣು ಅತ್ತ ಸರಿದೂ ಕೂತೆ.

ಪರದೆಯ ಸಂದಿನಿಂದ ಕೆಳಗೆ ನೋಡಿದೆ. ಸಾಹೇಬರ ಪಕ್ಕದಲ್ಲಿ ಅಪ್ಪನ ರುಮಾಲು ಅಲುಗದೆ ಕೂತಿತ್ತು. ಇವತ್ತು ಮನೆಯಲ್ಲಿ ಅವ್ವನ ಕಥೆ ಮುಗಿಯಿತು, ಇನ್ನು ಅವಳು ಮಾತನ್ನೂ ಬಿಡಬೇಕಾದೀತು ಎಂದುಕೊಂಡೆ.

ರಂಗದ ಮೇಲೆ ಆ ನಟ ಕೈಯೆತ್ತಿ ಆರ್ಗನ್ ನಿಲ್ಲಿಸಿದ. ಅಟ್ಟಣಿಗೆಯತ್ತ ಮುಖವೆತ್ತಿದ. ಸಿಟ್ಟಿರಲಿಲ್ಲ ಅವನಿಗೆ. ಮತ್ತೆ ಆ ಮೊದಲ ಸಾಲನ್ನೇ ಹಾಡಿದ. ಈ ಬಾರಿ ಮುಂದಿನ ಸಾಲನ್ನು ತಾನು ಹಾಡದೆ ಬಿಟ್ಟು, ಪರದೆಯತ್ತ ಕೈಚಾಚಿ ಕಾದು ನಿಂತ. ಎಲ್ಲರ ತಲೆಗಳೂ ಮೇಲಕ್ಕೆ ತಿರುಗಿದವು. ಅವ್ವ ಬಾಯಿಂದ ಸೆರಗು ತೆಗೆಯಲಿಲ್ಲ.

ಆಗ ಕೆಳಗಿನಿಂದ ಒಂದು ಕೂಗು ಬಂತು. ಶುದ್ಧ ನಮ್ಮೂರ ಕನ್ನಡದಲ್ಲಿ.

"ಹಾಡು! ಅಂಬೂ, ಹಾಡು!"

ಅಪ್ಪ ಎದ್ದು ನಿಂತಿದ್ದ! ಕಚೇರಿಯಲ್ಲಿ ಕೆಮ್ಮಲೂ ಹಿಂದೆಮುಂದೆ ನೋಡುತ್ತಿದ್ದ ಅಪ್ಪ. ಹೆಂಡತಿಯ ಹೆಸರನ್ನು ನಾಲ್ಕು ಜನರ ಮುಂದೆ ಯಾವ ಗಂಡಸೂ ಎತ್ತದ ಕಾಲವದು. ಮನೆಯಲ್ಲೂ "ಏ, ಕೇಳ್ತೇನು" ಎಂಬುದೇ ಅವಳ ಹೆಸರಾಗಿತ್ತು. ಅವ್ವನಿಗೆ ಅಂಬೂ ಎಂಬ ಹೆಸರಿದೆ ಎಂದು ನನಗೆ ಗೊತ್ತಾದದ್ದೇ ಆ ಮಧ್ಯಾಹ್ನ, ಥಿಯೇಟರಿನಲ್ಲಿ, ಅಷ್ಟೂ ಜನರ ಜೊತೆಗೆ.

ಅವ್ವ ಸೆರಗು ತೆಗೆದಳು. ಹಾಡಿದಳು. ಅವನು ಒಂದು ಸಾಲು ಮರಾಠಿಯಲ್ಲಿ, ಇವಳು ಒಂದು ಸಾಲು ಕನ್ನಡದಲ್ಲಿ. ಎರಡು ವರ್ಷ ಮುಚ್ಚಿಟ್ಟ ಗಂಟಲು ಮೊದಲು ಸ್ವಲ್ಪ ಒಡೆಯಿತು, ಆಮೇಲೆ ತಗಡಿನ ಚಾವಣಿ ಮುಟ್ಟಿತು. ನನ್ನ ಮುಖಕ್ಕೆ ತಣ್ಣನೆಯ ಗಾಳಿ, ಲಾವಂಚದ ವಾಸನೆ ಬಂತು. ನೋಡಿದರೆ ಗೋದಾಕಾಕೂ ಕಣ್ಣೀರು ಸುರಿಸುತ್ತ ಅವ್ವನಿಗೆ ಗಾಳಿ ಹಾಕುತ್ತಿದ್ದಳು.

ಚಪ್ಪಾಳೆ ನಿಲ್ಲುವ ಮುಂಚೆ ನಾನು ಆ ಎರಡು ಗೇಣು ವಾಪಸ್ಸು ಸರಿದೆ. ಸಾಹೇಬರ ಹೆಂಡತಿ ಮತ್ತೊಮ್ಮೆ ಕೇಳಲಿ ಎಂದು ಕಾದೆ. ಪುಣ್ಯಾತ್ಗಿತ್ತಿ ಕೇಳಲೇ ಇಲ್ಲ. ಕೊನೆಗೆ ನಾನೇ ಅವಳ ಬೆನ್ನು ತಟ್ಟಿ, ಕೇಳದಿದ್ದರೂ ಹೇಳಿದೆ: "ತೀ ಮಾಝೀ ಆಯೀ ಆಹೇ!" ಅವಳು ನನ್ನ ಅವ್ವ! ಇವತ್ತಿಗೂ ಅದನ್ನು ನೆನೆದರೆ ನನ್ನ ಎದೆ ಉಬ್ಬುತ್ತದೆ, ಅದರ ಹಿಂದೆಯೇ ಕಿವಿ ಬಿಸಿಯಾಗುತ್ತದೆ.

ಮನೆಗೆ ನಡೆದು ಬರುವಾಗ ಅಪ್ಪ ಎಂದಿನಂತೆ ನಾಲ್ಕು ಹೆಜ್ಜೆ ಮುಂದಿದ್ದ. ಓಣಿಯ ತಿರುವಿನಲ್ಲಿ ನಿಂತ. "ನಾ ಬ್ಯಾಡ ಅಂದಿದ್ದು ತಪ್ಪಾತು," ಅಂದ. ಅವ್ವ ಆ ನಾಲ್ಕು ಹೆಜ್ಜೆ ನಡೆದು ಅವನ ಪಕ್ಕಕ್ಕೆ ಬಂದಳು. ಆಮೇಲೆ ಮನೆಯವರೆಗೆ ಇಬ್ಬರೂ ಜೊತೆಗೇ ನಡೆದರು.

ಮರುದಿನ ನಸುಕಿನಲ್ಲಿ ಕಲ್ಲಿನ ಸದ್ದಿಗೆ ಎದ್ದು ಅಂಗಳಕ್ಕೆ ಬಂದೆ. ಅವ್ವನ ಎದುರಿಗೆ ಗೋದಾಕಾಕೂ ಗೂಟ ಹಿಡಿದು ಕೂತಿದ್ದಳು, ಬೀಸಣಿಕೆ ಅವ್ವನ ತೊಡೆಯ ಮೇಲಿತ್ತು. ಜಪದ ಯಜಮಾನರು ಕಿಟಕಿ ತೆರೆದಿಟ್ಟಿದ್ದರು. ಅವ್ವ ಹೇಳಿಕೊಡುವಳು, ಕಾಕೂ ತನ್ನ ಮರಾಠಿ ನಾಲಿಗೆಯಲ್ಲಿ ಕನ್ನಡವನ್ನು ತಿರುಚಿ ತಿರುಚಿ ಒಪ್ಪಿಸುವಳು. ಬೀಸಣಿಕೆ ಮತ್ತೆ ಅವಳ ಮನೆಗೆ ಹೋಗಲಿಲ್ಲ.

ಇಷ್ಟು ಹೇಳುವಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿಗಳ ಸದ್ದಾಯಿತು. ಇಂದೂನ ಗೆಳತಿಯರು ಮೂವರು ಬಂದು ಹೊರಕೋಣೆಯಲ್ಲಿ ಕೂತರು. ನಾನು ಬೀಸಣಿಕೆ ಹಿಡಿದು ಬಾಗಿಲಿಗೆ ಬಂದೆ. ಇಂದೂ ಕಣ್ಣಲ್ಲೇ ಬೇಡಿಕೊಂಡಳು. ಮಗಳೇ, ಆ ಕಣ್ಣು ನನಗೆ ಗೊತ್ತು. ಹತ್ತು ವರ್ಷದವಳಾಗಿದ್ದಾಗ ನನ್ನ ಮುಖದಲ್ಲಿತ್ತು. ಗಂಟಲು ಸರಿಮಾಡಿಕೊಂಡು, ಓಣಿಗೆ ಕೇಳುವಂತೆ ಹಾಡಿದೆ:

"ಜ್ವಾಳ ಹಾಕೇನ ಹಿಡಿತುಂಬ, ಕಲ್ಲವ್ವ..."

ಹಾಡಿ, ನಿಲ್ಲಿಸಿಬಿಟ್ಟೆ. ಹುಡುಗಿಯರು ನಗಲಿಲ್ಲ. ಅವರಲ್ಲೊಬ್ಬಳು ಕುತೂಹಲದಿಂದ ಇಂದೂನ ಕಡೆ ತಿರುಗಿ, "ಪುಢೇ ಕಾಯ?" ಎಂದು ಕೇಳಿದಳು. ಮುಂದೇನು?

ಇಂದೂ ತಲೆ ತಗ್ಗಿಸಿದಳು. ಜಡೆಯ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ನೆಲ ನೋಡುತ್ತಲೇ, ನಾನೆಂದೂ ಅವಳಿಗೆ ಕಲಿಸದ, ಅವಳು ಯಾವಾಗಲೋ ಕೇಳಿ ಕೇಳಿ ಕಲಿತಿದ್ದ ಆ ಎರಡನೆಯ ಸಾಲನ್ನು ಅಜ್ಜಿಯ ದನಿಯಲ್ಲೇ ಹೇಳಿದಳು.