ಕಾಕಾ ತಡೆದ ಕಾಗದ

ಹೋದ ವಾರ ಸೊಲ್ಲಾಪುರ ರಸ್ತೆಯ ಬ್ಯಾಂಕೊಂದರಲ್ಲಿ ಮಗಳ ಮನೆ ಸಾಲದ ಅಡಮಾನ ಪತ್ರಕ್ಕೆ ಸಹಿ ಹಾಕುವಾಗ, ಸ್ಟಾಂಪ್ ಪ್ಯಾಡಿನ ಮಸಿಯ ವಾಸನೆ ಮೂಗಿಗೆ ಬಡಿಯಿತು. ಕೈ ಅಲ್ಲೇ ನಿಂತಿತು...

ಎಷ್ಟೋ ವರ್ಷಗಳ ಹಿಂದೆ ಹೀಗೇ ಸಹಿ ಹಾಕಿದ ದಿನ ನಾನು ನಿಂತದ್ದು ಉಪನೋಂದಣಿ ಕಚೇರಿಯ ಹೊರಗೆ, ಜನರ ಪತ್ರ ಬರೆದುಕೊಡುವ ಬಾಂಡ್ ರೈಟರ್ ಕಾಕಾ ಅವರ ಮೇಜಿನ ಎಡಕ್ಕೆ. ಶ್ರಾವಣದ ಸೋಮವಾರ, ಹೊತ್ತು ಹನ್ನೊಂದು ದಾಟಿತ್ತು. ತಿಕೋಟಾದಲ್ಲಿ ನಮ್ಮ ನೆರೆಯ ಹೊಲಿಗೆ ಆಪಾ, ಹೊಸ ಯಂತ್ರ ಕೊಳ್ಳಲು ಸ್ಟೇಷನ್ ರಸ್ತೆಯ ಬಟ್ಟೆ ಸಾವುಕಾರರಿಂದ ಸಾಲ ಪಡೆದು, ಮನೆ ಒತ್ತಿ ಇಡುವವಳಿದ್ದಳು. ನಾನು ಸಾಕ್ಷಿ. ಸಾವುಕಾರರು ಬೇರೆಡೆ ಬರೆಸಿ, ನೋಂದಣಿಗೆಂದು ಕಾಕಾ ಅವರ ಬಳಿ ತಂದ ಕಾಗದಕ್ಕೆ, ಓದದೆ, ಸಹಿ ಹಾಕಿಬಿಟ್ಟಿದ್ದೆ.

ಕಾಕಾ ಅವರದ್ದೊಂದು ಪದ್ಧತಿ. ಕಾಗದವನ್ನು ಗಟ್ಟಿಯಾಗಿ ಓದಿ, ಅದರಲ್ಲೇನಿದೆ ಎಂದು ಆಸ್ತಿಯವರ ಬಾಯಿಂದಲೇ ತಿರುಗಿ ಹೇಳಿಸುತ್ತಿದ್ದರು. ಅಲ್ಲಿಯವರೆಗೆ ಹೆಬ್ಬೆಟ್ಟಿನ ಮಸಿ ಪ್ಯಾಡು ಮುಂದಕ್ಕೆ ಸರಿಯುತ್ತಿರಲಿಲ್ಲ.

“ಮನಿ ನಂದ ಇರ್ತೈತ್ರಿ ಕಾಕಾ. ಸಾಲಕ್ಕ ಒತ್ತಿ ಇಟ್ಟೇನಿ, ಅಷ್ಟ,” ಎಂದಳು ಆಪಾ.

“ಇದರಾಗ ಹಂಗ ಇಲ್ಲ ಯವ್ವಾ. ಮಾರೀನಿ ಅಂತ ಐತಿ.”

ಸಾವುಕಾರರು ನಕ್ಕರು. ಹಣ ಮುಟ್ಟಿದ ದಿನ ಮರಳಿ ಬರೆದುಕೊಡುವುದಾಗಿ ಹೇಳಿ, ಕಾಕಾ ಯಾವಾಗ ವಕೀಲರಾದರೆಂದು ಕುಟುಕಿದರು.

“ನಿಮ್ಮ ಅಪ್ಪಾರೂ ಹಿಂಗ ಅಂತಿದ್ರು ಸಾವುಕಾರ್ರ. ಅವರ ಕಾಗದಾನೂ ನಾನ ಬರದೇನಿ. ಒಂದ ಮನೀನೂ ತಿರುಗಿ ಬರಲಿಲ್ಲ.”

ಆಮೇಲೆ ಕಾಕಾ ಆಪಾಗೆ ನಿಧಾನವಾಗಿ ತಿಳಿಸಿದರು. ಹಿಂದೆ ಸಾವುಕಾರರು ಸಾಲವನ್ನೆಲ್ಲ ಖರೀದಿಯೆಂದೇ ಬರೆಸುತ್ತಿದ್ದರು. ಬಬಲೇಶ್ವರದ ಕಡೆ ಎಷ್ಟೋ ಜನ ತಮ್ಮ ಮನೆಯಲ್ಲೇ ಬಾಡಿಗೆಗೆ ಕುಳಿತರು. ಸರಕಾರ ಭೂ ಅಡಮಾನ ಬ್ಯಾಂಕು ತೆರೆದ ಮೇಲೆ ಆಸ್ತಿ ಒಡೆಯನ ಹೆಸರಿನಲ್ಲೇ ಉಳಿಯತೊಡಗಿತು. ದಾಖಲೆಯಲ್ಲಿ ಸಾಲದ ಬೋಜಾ, ಅಂದರೆ ಹೊರೆ, ಮಾತ್ರ ಏರುತ್ತಿತ್ತು, ತೀರಿದರೆ ಇಳಿಯುತ್ತಿತ್ತು. ಈಗಂತೂ ಹೆಣ್ಣುಮಕ್ಕಳ ಕಸುಬಿನ ಸಾಲಕ್ಕೆ ಸರಕಾರವೇ ಬಡ್ಡಿಯ ಒಂದು ಪಾಲು ಹೊರುತ್ತದೆ, ಅದಕ್ಕೆ ಅರ್ಜಿ ಹಾಕು ಎಂದರು.

“ಸರಕಾರದ ಬ್ಯಾಂಕು ತಿಂಗಳಗಟ್ಟಲೆ ಅಡ್ಡಾಡಸ್ತೈತಿ, ಖರೆ. ಆದ್ರ ಮನಿ ಕಸಗೊಳ್ಳೂದಿದ್ರೂ ನೋಟಿಸು ಕೊಟ್ಟ ಬರ್ತೈತಿ.”

ಆಪಾ ಕಾಗದ ಮಡಿಚಿ ಸಾವುಕಾರರ ಮುಂದಿಟ್ಟಳು. ನನ್ನ ಸಹಿಯನ್ನು ನನ್ನ ಕೈಯಿಂದಲೇ ಕಾಕಾ ಹೊಡೆದುಹಾಕಿಸಿದರು. ಬೈಯಲಿಲ್ಲ. ಬೈದಿದ್ದರೆ ಇಷ್ಟು ದಿನ ಚುಚ್ಚುತ್ತಿರಲಿಲ್ಲವೇನೋ...

ಆಪಾ ಸರಕಾರದ ಬ್ಯಾಂಕಿಗೆ ಐದು ತಿಂಗಳು ಅಲೆದಳು. ಸಾಲ ಸಿಕ್ಕಿ ಯಂತ್ರ ಬಂತು. ಅಂದಿನಿಂದ ಸ್ಟೇಷನ್ ರಸ್ತೆಯ ವ್ಯಾಪಾರಿಗಳು ಮಾತ್ರ ಕಾಕಾ ಅವರ ಮೇಜಿಗೆ ಬರಲಿಲ್ಲ. ಆ ನಷ್ಟವನ್ನು ಅವರು ಯಾರೊಡನೆಯೂ ಆಡಿಕೊಂಡದ್ದು ನಾನು ಕೇಳಿಲ್ಲ.

ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ಮುಟ್ಟಿತು, ಮಣ್ಣಿಗೆ ಹೋಗಲಾಗಲಿಲ್ಲ. ಈಗ ಆ ಜಾಗದಲ್ಲಿ ಕಂಪ್ಯೂಟರಿನಿಂದ ಪತ್ರಗಳು ಬರುತ್ತವೆ. ತಿರುಗಿ ಹೇಳಿಸುವವರಿಲ್ಲ. ಅಂದು ಕಂಡವರಲ್ಲಿ ಸಾವುಕಾರರೂ ಇಲ್ಲ. ಆಪಾ ಇದ್ದಾಳೆ, ತಿಕೋಟಾದ ಅದೇ ಮನೆಯಲ್ಲಿ. ಇದನ್ನು ಹೇಳಲು ನಾನಿದ್ದೇನೆ.