ಪಾಕಕ್ಕೆ ಒಂದು ಕಲರ್

ಮೊಸರಿನಲ್ಲಿ ಕಲ್ಲು ಹುಡುಕುವವರನ್ನು ನಾವೆಲ್ಲ ಕಂಡಿದ್ದೇವೆ. ಸೌಟಪ್ಪ ಅವರಿಗಿಂತ ಒಂದು ಮೆಟ್ಟಿಲು ಮೇಲಿನವನು. ಕಲ್ಲು ಇದ್ದೇ ಇದೆ ಎಂದು ಮೊದಲು ತೀರ್ಮಾನಿಸಿ, ಆಮೇಲೆ ಅದು ಮೊಸರು ಹೌದೋ ಅಲ್ಲವೋ ಎಂದು ವಿಚಾರಣೆಗೆ ಕೂರುವವನು. ಪತ್ರಿಕೆಯನ್ನು ಕೊನೆಯ ಪುಟದಿಂದ ಓದುತ್ತಿದ್ದ. ಮುಖಪುಟ ತನ್ನ ದಾರಿ ತಪ್ಪಿಸಲು ಹೊಂಚು ಹಾಕಿದೆ ಎಂಬ ಗುಮಾನಿ. ಮನೆಗೆ ಬೀಗ ಹಾಕಿ ಮೂರು ಸಲ ಜಗ್ಗಿ, ಬೀದಿಯ ತುದಿಯವರೆಗೆ ಹೋಗಿ, ಬೀಗ ಮೈಮರೆತಿರುವ ಹೊತ್ತು ನೋಡಿ ಸಟ್ಟನೆ ಹಿಂತಿರುಗಿ ನಾಲ್ಕನೆಯ ಸಲ ಜಗ್ಗುತ್ತಿದ್ದ. ಮದುವೆಯಾದ ಹೊಸತರಲ್ಲಿ ಹೆಂಡತಿ ಕಾಫಿ ತಂದುಕೊಟ್ಟರೆ "ಮೊದಲು ನೀನು ಕುಡಿ" ಎನ್ನುತ್ತಿದ್ದನಂತೆ. ಅದನ್ನು ಪ್ರೀತಿ ಎಂದುಕೊಂಡು ಆ ಪುಣ್ಯಾತ್ಗಿತ್ತಿ ಆರು ತಿಂಗಳು ನಾಚಿಕೊಂಡಳು.

ಇಂಥ ಮನುಷ್ಯನಿಗೆ ದೇವರು ಕೊಟ್ಟ ಕೆಲಸ ಸೋಡಾ ಕಾರ್ಖಾನೆಯ ಪಾಕದ ಕೋಣೆ. ದೊಡ್ಡ ಯಜಮಾನರೂ ಅನುಮಾನದಲ್ಲಿ ಕಡಿಮೆಯವರಲ್ಲ. ಎದುರಾಳಿ ಕಂಪನಿಯವರು ಗೋಡೆಗೆ ಕಿವಿ ಹಚ್ಚಿದ್ದಾರೆ ಎಂದೇ ನಂಬಿದ್ದವರು. ಕೆಲಸ ಕೇಳಿಕೊಂಡು ಬಂದ ಸೌಟಪ್ಪ ಕೂರುವ ಮುಂಚೆ ಕುರ್ಚಿಯ ಕಾಲು ಅಲ್ಲಾಡಿಸಿ ನೋಡಿದ್ದನ್ನು ಕಂಡು, "ಇವನು ಹೆತ್ತ ತಾಯಿಗೂ ಗುಟ್ಟು ಹೇಳೋನಲ್ಲ" ಎಂದು ಅಂದೇ ಕೋಣೆಯ ಬೀಗದಕೈ ಕೊಟ್ಟುಬಿಟ್ಟರು. ಕೋಣೆಯಲ್ಲಿ ಒಂದು ಒಲೆ, ಒಂದು ದೊಡ್ಡ ಹಂಡೆ, ಆಳುದ್ದದ ಒಂದು ಸೌಟು. ಗೋಡೆಯ ಮೇಲೆ ಗಾಜಿನ ಚೌಕಟ್ಟಿನೊಳಗೆ ಯಜಮಾನರೇ ಬರೆದ ಕಾಗದ. ಅವರು ಮಾತಿನಲ್ಲೂ ಕೈಬಿಗಿ. ಕಾಗದದಲ್ಲಿ ಇದ್ದದ್ದು ಇಷ್ಟೇ: "ಸಕ್ಕರೆ ಕಾಯಿಸು. ಹುಳಿ ಎರಡು. ಘಮ ಅರ್ಧ. ಕಲರ್ ಒಂದು. ಸೋಸು."

ಆ ಐದು ವಾಕ್ಯಗಳನ್ನು ಸೌಟಪ್ಪ ಮೂವತ್ತನಾಲ್ಕು ವರ್ಷ ಚಾಚೂತಪ್ಪದೆ ಪಾಲಿಸಿದ. ರಾಜರು ಕತ್ತಿ ಹಿಡಿದು ಆಳಿದಂತೆ ಅವನು ಸೌಟು ಹಿಡಿದು ಆಳಿದ. ಆ ಹಂಡೆಯಿಂದ ಹೊರಟ ಪಾಕ ಗ್ಯಾಸು ತುಂಬಿದ ನೀರಿನ ಜೊತೆ ಸೇರಿ, ಬಾಟಲಿ ಹೊಕ್ಕು, ಊರಿನ ನಾಲಿಗೆಯನ್ನೆಲ್ಲ ಗೆದ್ದುಕೊಂಡಿತು.

ಊರು ಅದನ್ನು ಒಂದೇ ಬಾಯಿಯಿಂದ ಕುಡಿದರೂ ಒಂದೇ ಬಾಯಿಯಿಂದ ಕರೆಯುತ್ತಿರಲಿಲ್ಲ. ಮೇಲ್ಪೇಟೆಯವರು ಅದನ್ನು ಸೋಡಾ ಎನ್ನುತ್ತಿದ್ದರು. ಕೆಳಪೇಟೆಯವರಿಗೆ ಅದು ಕಲರ್. ರೈಲ್ವೆ ಗೇಟಿನ ಆಚೆಯವರು ಶರಬತ್ತು ಎಂದರೆ, ಬಸ್‌ಸ್ಟ್ಯಾಂಡಿನವರು ಜ್ಯೂಸು ಎನ್ನುತ್ತಿದ್ದರು, ಯಾವ ಹಣ್ಣೂ ಆ ಬಾಟಲಿಯ ಪಕ್ಕದಲ್ಲಿ ಸುಳಿದಿರದಿದ್ದರೂ. ಅಂಗಡಿಯ ಮುಂದೆ ಯಾರಾದರೂ ಬಾಯಿ ಬಿಟ್ಟರೆ ಸಾಕು, ಅವನು ಯಾವ ಬೀದಿಯವನು ಎಂದು ಸೌಟಪ್ಪ ಹೇಳುತ್ತಿದ್ದ. ಹೇಳಿ, ಇಲ್ಲಿಗೇಕೆ ಬಂದ ಎಂದು ಅನುಮಾನಿಸುತ್ತಿದ್ದ. ಅವನು ಕೆಳಪೇಟೆಯವನು. ಯಜಮಾನರು ಮೇಲ್ಪೇಟೆಯವರು.

ಹೋದ ವರ್ಷ ಸೌಟಪ್ಪ ನಿವೃತ್ತನಾದ. ಹೊರಡುವ ದಿನ ಜೇಬು ಹೊರಗೆಳೆದು ತೋರಿಸಿ, ಏಪ್ರನ್ನು ಕೊಡವಿ, ಒಂದು ಬಾಟಲಿ ಮುಚ್ಚಳವನ್ನೂ ಒಯ್ಯುತ್ತಿಲ್ಲ ಎಂದು ಎಲ್ಲರಿಗೂ ಮನದಟ್ಟು ಮಾಡಿಯೇ ಗೇಟು ದಾಟಿದ. ಅಷ್ಟರಲ್ಲಿ ದೊಡ್ಡ ಯಜಮಾನರು ತೀರಿಕೊಂಡು ಮಗಳ ಕೈಗೆ ಕಾರ್ಖಾನೆ ಬಂದಿತ್ತು. ಆಕೆ ಸೌಟಪ್ಪನ ಜಾಗಕ್ಕೆ ಓದಿಕೊಂಡ ಒಬ್ಬನನ್ನು ತಂದಳು. ಕಿಸೆಯಲ್ಲಿ ಪೆನ್ನಿನ ಬದಲು ಥರ್ಮಾಮೀಟರ್ ಸಿಕ್ಕಿಸಿಕೊಳ್ಳುತ್ತಿದ್ದ ಅವನಿಗೆ ಎರಡೇ ದಿನದಲ್ಲಿ ಥರ್ಮಾಮೀಟರ್ ಎಂದೇ ಹೆಸರಾಯಿತು. ಅವನೂ ಅದೇ ಕಾಗದ ನೋಡಿಯೇ ಪಾಕ ಮಾಡಿದ.

ವಾರ ಕಳೆಯುವುದರೊಳಗೆ ಊರಿನ ನಾಲಿಗೆಗಳೆಲ್ಲ ದಂಗೆ ಎದ್ದವು. ಸಿಹಿ ಇದೆ, ಗ್ಯಾಸಿದೆ, ಬಣ್ಣವೂ ಅದೇ ಕಂದು, ಆದರೆ ಆ ರುಚಿ ಇಲ್ಲ! ನುಂಗಿದ ಮೇಲೆ ಗಂಟಲಿನ ಹಿಂದೆ ಸಣ್ಣಗೆ ಉಳಿಯುತ್ತಿದ್ದ ಒಂದು ಕಹಿ, ಹಳೆಯ ಸ್ನೇಹಿತ ಬೆನ್ನಿಗೆ ಗುದ್ದಿದಂಥದ್ದು, ಅದು ಮಾಯ. ಮಗಳು ಅಪ್ಪನ ಪಾಕವನ್ನು ನೀರು ಮಾಡಿದಳು ಎಂದು ಊರು ಅನುಮಾನಿಸಿತು. ಮಗಳು ಕಾಗದವನ್ನು ಹತ್ತು ಸಲ ಓದಿ ಬೇರೊಂದು ಅನುಮಾನಕ್ಕೆ ಬಂದಳು. ಇಷ್ಟೇ ಆಗಿದ್ದರೆ ರುಚಿ ಬರಬೇಕಿತ್ತು. ಬಂದಿಲ್ಲ ಎಂದರೆ ಇನ್ನೊಂದು ಚೀಟಿ ಇತ್ತು. ಅದನ್ನು ಸೌಟಪ್ಪ ಒಯ್ದಿದ್ದಾನೆ! ಇದನ್ನು ಆಕೆ ಆಫೀಸಿನೊಳಗೆ ಬಾಗಿಲು ಹಾಕಿಕೊಂಡು, ಮೆಲ್ಲಗೆ ಹೇಳಿದಳು. ಆದ್ದರಿಂದ ಊರಿಗೆಲ್ಲ ಗೊತ್ತಾಗಲು ಮಧ್ಯಾಹ್ನದವರೆಗೆ ಬೇಕಾಯಿತು.

ಸಂಜೆ ಸೌಟಪ್ಪ ಎಂದಿನಂತೆ ಬೀದಿ ಮೂಲೆಯ ಅಂಗಡಿಯಕ್ಕನ ಮುಂದೆ ನಿಂತ.

"ಅಕ್ಕಾ, ಒಂದು ಕಲರ್ ಕೊಡು."

"ನಿಂಗ್ಯಾಕಣ್ಣಾ ನಮ್ಮಂಗಡಿ ಕಲರ್ರು? ಮನೇಲೇ ಕಾಯಿಸ್ಕೊತೀಯಂತಲ್ಲ."

"ಯಾರಂದಿದ್ದು?"

"ಯಾರು ಅಂದಿಲ್ಲ ಅಂತ ಕೇಳು, ಬೇಗ ಮುಗಿಯುತ್ತೆ."

ಜಗತ್ತಿನ ಮೇಲೆಲ್ಲ ಅನುಮಾನಪಟ್ಟವನಿಗೆ ಜಗತ್ತು ತನ್ನ ಮೇಲೂ ಅನುಮಾನಪಡಬಹುದು ಎಂಬ ಅನುಮಾನವೇ ಬಂದಿರಲಿಲ್ಲ. ಮನೆಗೆ ಬಂದರೆ ಹೆಂಡತಿ ಅವನ ಹಳೆಯ ಟ್ರಂಕನ್ನು ತಲೆಕೆಳಗು ಮಾಡಿಕೊಂಡು ಕೂತಿದ್ದಳು.

"ರೀ, ನಿಜ ಹೇಳಿ. ಚೀಟಿ ತಂದಿದ್ದೀರಾ?"

"ನೀನೂನಾ?"

"ಇಷ್ಟು ವರ್ಷ ನಿಮ್ಜೊತೆ ಸಂಸಾರ ಮಾಡಿದೀನಿ. ಅನುಮಾನ ಪಡೋದು ನಂಗೆ ಕಲಿಸಿದ್ಯಾರು, ನೆರೆಮನೆಯವ್ರಾ?"

ಆ ರಾತ್ರಿ ಅವನಿಗೆ ಊಟ ಸೇರಲಿಲ್ಲ. ಅವನ ಬಳಿ ಇದ್ದ ಆಸ್ತಿ ಒಂದೇ: ಅನುಮಾನಪಿಶಾಚಿ ಎಂದರೂ ಕಳ್ಳ ಎಂದು ಯಾರೂ ಕರೆದಿರಲಿಲ್ಲ. ಬೆಳಿಗ್ಗೆ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಯುದ್ಧಕ್ಕೆ ಹೊರಟವನಂತೆ ಕಾರ್ಖಾನೆಗೆ ನಡೆದ. ಹಿಂದೆಯೇ ಹೆಂಡತಿ, ಯಾರೂ ಕರೆಯದಿದ್ದರೂ ಸಾಕ್ಷಿಯಾಗಿ.

"ಅಮ್ಮಾವ್ರೇ," ಎಂದ ಯಜಮಾನರ ಮಗಳಿಗೆ, "ನಿಮ್ಮ ಕಣ್ಮುಂದೆ ಒಂದು ಹಂಡೆ ಪಾಕ ಮಾಡ್ತೀನಿ. ಈ ಗೋಡೆ ಕಾಗದ ಒಂದೇ ನೋಡ್ಕೊಂಡು. ಆ ರುಚಿ ಬಂದ್ರೆ ಬೇರೆ ಚೀಟಿ ಇರಲಿಲ್ಲ ಅಂತ ಒಪ್ಕೊಬೇಕು. ಬರ್ಲಿಲ್ವೋ, ನಾನೇ ಕಳ್ಳ."

"ಒಪ್ಪಿದೆ," ಎಂದಳು ಆಕೆ.

ಪಾಕದ ಕೋಣೆಯಲ್ಲಿ ನಾಲ್ವರು ಸೇರಿದರು. ಸೌಟಪ್ಪ ಸಕ್ಕರೆಯನ್ನು ಮೂಸಿದ, ಥರ್ಮಾಮೀಟರನಿಗೆ ನೆಕ್ಕಿಸಿ ಅವನು ಬದುಕಿರುವುದನ್ನು ಖಚಿತಪಡಿಸಿಕೊಂಡ, ಹಂಡೆಗೆ ಸುರಿದ, ಒಲೆ ಹಚ್ಚಿದ. ಸಕ್ಕರೆ ಕರಗಿತು, ಗುಳ್ಳೆ ಎದ್ದಿತು.

"ಪಾಕ ಬಂತು, ಇಳಿಸಿ," ಎಂದ ಥರ್ಮಾಮೀಟರ್.

"ಸುಮ್ನಿರಪ್ಪ. ಇನ್ನೂ ಬೆಳ್ಳಗಿದೆ."

ಸಕ್ಕರೆ ಹಳದಿಗೆ ತಿರುಗಿತು, ಜೇನಿನ ಬಣ್ಣಕ್ಕೆ ಬಂತು, ಅದನ್ನೂ ದಾಟಿತು. ಕೋಣೆಯಲ್ಲಿ ಸಣ್ಣಗೆ ಸುಟ್ಟ ವಾಸನೆ.

"ಅಯ್ಯೋ, ಸೀದು ಹೋಯ್ತು!"

"ಸೀಯಲಿ ಬಿಡು. ಪಾಕ ನಿಂದಾ ನಂದಾ?"

ಸರಿಯಾದ ಕಂದು ಬಂದ ಗಳಿಗೆಯಲ್ಲಿ ನೀರು ಹುಯ್ದು ಕುದಿಸಿ ಇಳಿಸಿದ. ಹುಳಿ ಎರಡು ಚಮಚ, ಘಮ ಅರ್ಧ. ಆಮೇಲೆ ಆಪರೇಷನ್ ಮಾಡುವ ಡಾಕ್ಟರರಂತೆ ತಿರುಗಿಯೂ ನೋಡದೆ ಕೈ ಚಾಚಿದ.

"ಕಲರ್."

ಥರ್ಮಾಮೀಟರ್ ಮೇಲಿನ ಹಲಗೆಯಿಂದ ಒಂದು ಡಬ್ಬಿ ತೆಗೆದು ಆ ಕೈಯಲ್ಲಿಟ್ಟ. ಸೌಟಪ್ಪ ಡಬ್ಬಿಯನ್ನು ನೋಡಿದ. ಥರ್ಮಾಮೀಟರನನ್ನು ನೋಡಿದ.

"ಕಲರ್ ಕೇಳಿದ್ರೆ ಗೇಟಿಗೆ ಬಳಿಯೋ ಬಣ್ಣ ಕೊಡ್ತೀಯಲ್ಲಯ್ಯ! ಏನು ಹುನ್ನಾರ ಇದು?"

"ಗೇಟಿಗಲ್ಲ ಸಾರ್, ಇದೇ ಕಲರ್. ಪಾಕಕ್ಕೆ ಒಂದು ಚಮಚ ಹಾಕೋದು."

"ಮೂವತ್ನಾಲ್ಕು ವರ್ಷದಿಂದ ಅಲ್ಲೇ ಕೂತಿತ್ತು ಅದು. ಚೀಟಿ ಅಳಿಸಿಹೋದ ಡಬ್ಬೀನ ನಾನು ಮುಟ್ಟೋನಲ್ಲ."

ಯಜಮಾನರ ಮಗಳು ಮೆಲ್ಲಗೆ ಕೇಳಿದಳು: "ಹಾಗಾದ್ರೆ ಕಲರ್ ಒಂದು ಅಂತ ಬರೆದಿದ್ದಕ್ಕೆ ನೀವೇನು ಹಾಕ್ತಿದ್ರಿ?"

"ಒಂದು ಕಲರ್," ಎಂದ ಸೌಟಪ್ಪ, ಇದೆಂಥ ಪ್ರಶ್ನೆ ಎಂಬಂತೆ. ಹೊರಗೆ ಜೋಡಿಸಿಟ್ಟ ಕ್ರೇಟಿನ ಕಡೆ ಬೆರಳು ತೋರಿಸಿದ. "ಒಂದು ಬಾಟ್ಲು. ಮುಚ್ಚಳ ತೆಗೆದು, ಪೂರ್ತಿ."

"ಮಾಡಿಟ್ಟ ಸೋಡಾನ ಮತ್ತೆ ಪಾಕಕ್ಕೇ ಹಾಕ್ತಿದ್ರಾ?"

"ಮೊಸರಿಗೆ ಹೆಪ್ಪು ಹಾಕಲ್ವೇ ಅಮ್ಮಾವ್ರೇ? ದೊಡ್ಡ ಯಜಮಾನ್ರು ಏನೋ ಯೋಚನೆ ಮಾಡಿಯೇ ಬರೆದಿರ್ತಾರೆ ಅಂದ್ಕೊಂಡೆ. ಮೊದಮೊದಲು ಪಾಕ ಬೆಳ್ಳಗೆ ಬರ್ತಿತ್ತು. ಕಾವು ಸಾಲ್ದು ಅಂತ ಸಕ್ಕರೇನ ಇನ್ನಷ್ಟು ಕಾಯಿಸ್ದೆ."

ಮೇಲ್ಪೇಟೆಯ ಯಜಮಾನರಿಗೆ ಕಲರ್ ಎಂದರೆ ಬಣ್ಣ. ಕೆಳಪೇಟೆಯ ಸೌಟಪ್ಪನಿಗೆ ಕಲರ್ ಎಂದರೆ ಬಾಟಲಿ. ಬಣ್ಣ ಬೀಳದ ಪಾಕಕ್ಕೆ ಬಣ್ಣ ಬರಿಸಲು ಅವನು ಸಕ್ಕರೆ ಸುಟ್ಟ. ಊರು ಆ ಸುಟ್ಟ ಕಹಿಗೆ ಮನಸೋತಿತು. ಬಣ್ಣದ ಡಬ್ಬಿ ಮುಗಿಯದೇ ಇರುವುದನ್ನು ಕಂಡು ಯಜಮಾನರು ಆಗಾಗ ಅವನ ಮಿತವ್ಯಯವನ್ನು ಹೊಗಳುತ್ತಿದ್ದರು. ಯಾತಕ್ಕೆ ಎಂದು ತಿಳಿಯದಿದ್ದರೂ ಅವನು ಹೊಗಳಿಕೆಯನ್ನು ವಾಪಸು ಕೊಟ್ಟವನಲ್ಲ.

ಸೌಟಪ್ಪ ಎದೆಯುಬ್ಬಿಸಿ ಒಂದು ಬಾಟಲಿ ಹಂಡೆಗೆ ಸುರಿದು ಸೋಸಿದ. ಪಾಕಕ್ಕೆ ಗ್ಯಾಸಿನ ನೀರು ಬೆರೆಸಿ ಲೋಟಗಳಿಗೆ ತುಂಬಿದರು. ಯಜಮಾನರ ಮಗಳು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು.

"ಇದೇ," ಎಂದಳು. "ಅಪ್ಪ ತಂದುಕೊಡ್ತಿದ್ದ ಸೋಡಾ ಇದೇ."

ಸೌಟಪ್ಪ ಗೆದ್ದಿದ್ದ. ಗೆದ್ದ ಮೇಲೆ ಅವನಿಗೆ ಅರ್ಥವಾಯಿತು: ಕಳ್ಳನಲ್ಲ ಎಂದು ಸಾಬೀತಾಗಿತ್ತು, ಜೊತೆಗೆ ಮೂವತ್ತನಾಲ್ಕು ವರ್ಷ ಪ್ರತಿದಿನ ತಪ್ಪು ಮಾಡಿದ ಪೆದ್ದ ಎಂದೂ ಸಾಬೀತಾಗಿತ್ತು.

"ನಿಮ್ಮನ್ನ ಅನುಮಾನಿಸಿದ್ದು ನನ್ನ ತಪ್ಪು," ಎಂದಳು ಆಕೆ. "ನಾಳೆಯಿಂದ ಪಾಕ ನಿಮ್ಮ ಥರಾನೇ ಮಾಡಿಸ್ತೀನಿ." "ಊರಿಗೆ ಹೇಳೋಣ. ಆದ್ರೆ ಬರೀ ಕದ್ದಿಲ್ಲ ಅಂದ್ರೆ ಯಾರೂ ನಂಬಲ್ಲ, ನಡೆದಿದ್ದು ಪೂರ್ತಿ ಹೇಳ್ಬೇಕಾಗುತ್ತೆ. ನಂದೇನೂ ಅಭ್ಯಂತರ ಇಲ್ಲ. ನೀವು ಹೇಗೆ ಅಂತೀರೋ ಹಾಗೆ."

ಈ ಔದಾರ್ಯದ ಹಿಂದೆ ಏನಿದೆ ಎಂದು ಸೌಟಪ್ಪ ಗೇಟಿನವರೆಗೂ ಯೋಚಿಸಿದ. ಏನೂ ಸಿಗದೆ ಹೆಂಡತಿಯ ಕಡೆ ತಿರುಗಿದ.

"ಕಳ್ಳ ಅನ್ನಿಸ್ಕೊಳ್ಳೋದಾ, ಪೆದ್ದ ಅನ್ನಿಸ್ಕೊಳ್ಳೋದಾ? ನೀನೇನಂತೀಯ?"

"ಕಳ್ಳನ್ನ ಯಾರೂ ಮನೆಯೊಳಗೆ ಕರೆಯಲ್ಲ ರೀ. ಪೆದ್ದನ್ನ ಕರೀತಾರೆ, ನಗೋಕಾದ್ರೂ. ಅಂಗಡಿ ಹತ್ರ ನಡೀರಿ, ಜನ ಇರೋ ಹೊತ್ತು."

ಅಂಗಡಿಯಕ್ಕನ ಮುಂದೆ ಕೆಳಪೇಟೆಯ ಐದಾರು ಜನ ನಿಂತಿದ್ದರು. ಸೌಟಪ್ಪ ಗಂಟಲು ಸರಿಮಾಡಿಕೊಂಡು, ನೇಣಿನ ಹಲಗೆ ಹತ್ತಿದವನ ಗಾಂಭೀರ್ಯದಲ್ಲಿ ಎಲ್ಲವನ್ನೂ ಒಪ್ಪಿಕೊಂಡ.

"ಚೀಟಿ ಕದ್ದಿಲ್ಲ. ಕಾಗದದಲ್ಲಿ ಕಲರ್ ಒಂದು ಅಂತಿತ್ತು. ನಾನು ಅಷ್ಟು ವರ್ಷವೂ ಪಾಕಕ್ಕೆ ಒಂದು ಕಲರ್ ಸುರಿದೆ."

ಅಂಗಡಿಯಕ್ಕ ಕಾದಳು. "ಆಮೇಲೆ?"

"ಆಮೇಲೇನು? ಅಷ್ಟೇ."

"ಒಂದು ಕಲರ್ ಹಾಕು ಅಂತ ಬರೆದಿತ್ತು. ನೀನು ಒಂದು ಕಲರ್ ಹಾಕ್ದೆ. ಸರಿಯಾಗೇ ಇದೆಯಲ್ಲಣ್ಣ."

"ಎಲ್ಲಿ ಸರಿ! ಅಲ್ಲಿ ಕಲರ್ ಅಂದ್ರೆ ಬಣ್ಣ ಅಂತೆ ಕಣಕ್ಕಾ. ನಾನು ಪೆದ್ದ."

"ಬಣ್ಣ ಬೇಕಿದ್ರೆ ಬಣ್ಣ ಅಂತ ಬರೀಬೇಕಿತ್ತು," ಎಂದ ಸೈಕಲ್ ರಿಪೇರಿಯವನು, ಬಾಯಿಂದ ಬಾಟಲಿ ತೆಗೆಯದೆ. "ಮೇಲ್ಪೇಟೆಯವ್ರಿಗೆ ಬರೆಯೋಕೆ ಬರಲ್ಲ ಅಂದ್ರೆ ನೀನೇನು ಮಾಡ್ತೀಯ?"

"ತಪ್ಪು ಓದಿದ್ದು ನಾನು!"

"ಕಲರ್ ಅಂದ್ರೆ ಕಲರ್ರೇ. ಇದರಲ್ಲಿ ತಪ್ಪು ಓದೋಕೆ ಏನಿದೆ? ಪಾಪ, ಇಷ್ಟು ನಿಯತ್ತಾಗಿ ಮಾಡಿದೋನಿಗೆ ಕಳ್ಳ ಅಂದ್ರಲ್ಲ," ಎಂದಳು ಅಂಗಡಿಯಕ್ಕ. ತಾನೂ ಅಂದಿದ್ದೆ ಎಂಬುದನ್ನು ಆ ಕ್ಷಣಕ್ಕೆ ಪೂರ್ತಿ ಮರೆತು.

ಸೌಟಪ್ಪ ಇನ್ನೂ ಎರಡು ಸಲ ತಾನು ಪೆದ್ದನೆಂದು ವಾದಿಸಿದ. ಎರಡು ಸಲವೂ ಸೋತ. ಮನಸ್ಸು ಗಟ್ಟಿ ಮಾಡಿಕೊಂಡು ತಂದ ಅವಮಾನವನ್ನು ಕೊಳ್ಳುವವರೇ ಇಲ್ಲ! ಹೆಂಡತಿ ಪಕ್ಕದಲ್ಲಿ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದಳು.

ಅಂಗಡಿಯಕ್ಕ ಒಂದು ಬಾಟಲಿಯ ಮುಚ್ಚಳವನ್ನು ಟಪ್ಪೆಂದು ಎಬ್ಬಿಸಿ ಅವನ ಕೈಗಿಟ್ಟಳು. "ಕುಡಿಯಣ್ಣ. ಆ ಥರ್ಮಾಮೀಟರ್ ಮಾಡಿದ್ದೇ, ಸಹಿಸ್ಕೊ. ನಾಳೆಯಿಂದ ನಿನ್ನದೇ ಬರುತ್ತಲ್ಲ."

ಸೌಟಪ್ಪ ಬಾಟಲಿ ಹಿಡಿದುಕೊಂಡು ಸುತ್ತಲಿನ ಮುಖಗಳನ್ನು ಒಂದೊಂದಾಗಿ ನೋಡಿದ. ಯಾವುದರಲ್ಲೂ ಕಳ್ಳ ಎಂಬ ಮಾತು ಉಳಿದಿರಲಿಲ್ಲ. ಒಂದು ಗುಟುಕು ಕುಡಿದು ಬಾಯಿ ಒರೆಸಿಕೊಂಡ.

"ನಿಜ ಹೇಳ್ಬೇಕು ಅಂದ್ರೆ," ಎಂದ ದನಿ ತಗ್ಗಿಸಿ, "ಆ ಮೇಲ್ಪೇಟೆ ಭಾಷೆ ಮೇಲೆ ನಂಗೆ ಮೊದಲಿಂದಲೂ ಒಂದು ಅನುಮಾನ ಇತ್ತು."