ಅಂಗೈಯಲ್ಲಿ ಉಳಿದ ನಟ್ಟು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಂಬುತ್ತಿರಲಿಲ್ಲ. ಕಾನ್ವೆಂಟಿನಲ್ಲಿ ನಮಗೆ ವಿಜ್ಞಾನ ಕಲಿಸುತ್ತಿದ್ದ ಸಿಸ್ಟರ್, ದೀಪ ತಾನಾಗಿ ಆರಿದರೂ ಗಾಳಿ ಎಲ್ಲಿಂದ ಬಂತೆಂದು ಮೊದಲು ಹುಡುಕಿ ಎನ್ನುತ್ತಿದ್ದರು. ಹುಡುಕುವ ಬುದ್ಧಿ ನನಗೆ ಈಗಲೂ ಇದೆ. ಎಂಬತ್ತರ ದಶಕದ ಆರಂಭದ ಆ ಒಂದು ದಿನದ ಗಾಳಿ ಮಾತ್ರ ಎಲ್ಲಿಂದ ಬಂತೆಂದು ಇನ್ನೂ ಸಿಕ್ಕಿಲ್ಲ.

ಆ ಬೆಳಿಗ್ಗೆ ಎಂದಿನಂತೆಯೇ ಇತ್ತು. ಕೊಪ್ಪದ ಪಕ್ಕ ಬಾಳಗಡಿಯಲ್ಲಿ ನಮ್ಮ ಮನೆ. ಹಾಲು ಕಾಯಿಸಿ, ಡಿಕಾಕ್ಷನ್ ಇಳಿಯಲು ಬಿಟ್ಟು, ದೋಸೆ ಕಾವಲಿಗೆ ಎಣ್ಣೆ ಸವರುತ್ತಿದ್ದೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ನಾದಿನಿ ಸುಮಿತ್ರ ಬಾಗಿಲಿಗೆ ಒರಗಿ ನಿಂತಿದ್ದಳು. ಮಗು ಅಡ್ಡ ಮಲಗಿದೆ, ನೋವು ಕಾಣಿಸಿಕೊಂಡರೆ ಒಂದು ಗಳಿಗೆಯೂ ತಡಮಾಡಬೇಡಿ ಎಂದು ನರಸಿಂಹರಾಜಪುರದ ಆಸ್ಪತ್ರೆಯ ಡಾಕ್ಟರಮ್ಮ ಹೇಳಿದ್ದರು. ಇನ್ನೂ ದಿನವಿದೆ ಎಂದುಕೊಂಡಿದ್ದೆವು. ಆದರೆ ಹಿಂದಿನ ದಿನವೇ ನಮ್ಮ ಹಳೆಯ ಕಾರಿನ ಎಂಜಿನ್ ತಪ್ಪಿ ತಪ್ಪಿ ಓಡುತ್ತ ಮಿಸ್ಸಿಂಗ್ ಹೊಡೆಯತೊಡಗಿ, ಒಂದು ಸಣ್ಣ ಏರಿನಲ್ಲಿ ಗಡಗಡ ನಡುಗಿ ನಿಂತುಬಿಟ್ಟಿತ್ತು. ಅದಕ್ಕೇ ನಮ್ಮ ಯಜಮಾನರು ಬೆಳಕು ಹರಿಯುತ್ತಲೇ ಬಾನೆಟ್ ಎತ್ತಿದ್ದರು.

ಆ ಕಾರು ಮಾವನವರದು. ಅದರ ಕಾಯಿಲೆ ಹುಡುಕಲು ಮನೆಯಲ್ಲಿ ಒಂದು ಪದ್ಧತಿಯಿತ್ತು. ಮಾವನವರಿಗೆ ಕಿವಿ ಮಂದ. ಎಂಜಿನ್ ಓಡುತ್ತಿರುವಾಗಲೇ ಅವರು ಮರದ ಹಿಡಿಯ ಸ್ಕ್ರೂಡ್ರೈವರನ್ನು ನಾಲ್ಕು ಸಿಲಿಂಡರಿನ ನಾಲ್ಕು ಪ್ಲಗ್ಗುಗಳಲ್ಲಿ ಒಂದೊಂದರ ತಲೆಗೂ ಎಂಜಿನ್ನಿನ ಮೈಗೂ ತಾಗಿಸಿ ಅದರ ಕಿಡಿ ತಪ್ಪಿಸುತ್ತಿದ್ದರು. ಸದ್ದು ಕೇಳುವವರು ಜಗಲಿಯಲ್ಲಿ ಕೂತ ಅತ್ತೆ. ಸದ್ದು ಕುಗ್ಗಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿದೆ ಎಂದು ಅರ್ಥ. ಅತ್ತೆ ಒಂದು ಬೆರಳು ಎತ್ತುತ್ತಿದ್ದರು. ಏನೂ ಬದಲಾಗದಿದ್ದರೆ ಸತ್ತದ್ದು ಅದೇ. ನಾಲ್ಕು ಬೆರಳೂ ಎದ್ದ ಮೇಲೆಯೇ ಮಾವ ಬಾನೆಟ್ ಮುಚ್ಚುತ್ತಿದ್ದುದು. ಮಾವ ತೀರಿಕೊಂಡ ಮೇಲೆ ಅತ್ತೆ ಆ ಕಾರು ಹತ್ತಿದವರೇ ಅಲ್ಲ. ಅದು ಸ್ಟಾರ್ಟ್ ಆದರೆ ಸಾಕು, ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಬೆರಳೆತ್ತುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಸಟ್ಟುಗ ಹಿಡಿದುಕೊಂಡೇ ಜಗಲಿಗೆ ಬಂದೆ. ಮೊದಲೆರಡಕ್ಕೆ ಬೆರಳೆತ್ತಿದೆ. ಮೂರನೆಯದಕ್ಕೆ ಸದ್ದು ಇದ್ದಂತೆಯೇ ಇತ್ತು. ನಾಲ್ಕನೆಯದು ಸರಿಯಿತ್ತು.

“ಮೂರೇ ಬೆರಳಾ ಅತ್ತಿಗೆ? ಕಾನ್ವೆಂಟಲ್ಲಿ ನಾಲ್ಕರ ತನಕ ಕಲಿಸ್ಲಿಲ್ವಾ?” ಎಂದು ಸುಮಿತ್ರ ನಕ್ಕಳು.

ಇವರು ಎಂಜಿನ್ ನಿಲ್ಲಿಸಿದರು. ಮೂರನೆಯ ಪ್ಲಗ್ಗಿಗೆ ವಯರನ್ನು ಬಿಗಿದಿದ್ದ ಪುಟ್ಟ ಹಿತ್ತಾಳೆ ನಟ್ಟನ್ನು ಬಿಚ್ಚಿ, ಕಳೆದುಹೋಗದಿರಲೆಂದು ನನ್ನ ಕೈಗೆ ಕೊಟ್ಟರು. ವಯರನ್ನು ಅಡ್ಡ ಬಾರದಂತೆ ಒಂದು ಪೈಪಿನ ಸಂದಿಗೆ ಸಿಕ್ಕಿಸಿದರು. ಮಸಿ ಹಿಡಿದಿದ್ದ ಪ್ಲಗ್ಗನ್ನು ಉಜ್ಜಿ ಮತ್ತೆ ಕೂರಿಸಿದರು. ಅಷ್ಟರಲ್ಲಿ ಒಳಗಿನಿಂದ ಸುಮಿತ್ರ ಕೂಗಿಕೊಂಡಳು. ನೀರು ಒಡೆದಿತ್ತು.

ಅತ್ತೆಯೇ ಮಗಳನ್ನು ನಡೆಸಿ ತಂದು ಹಿಂದಿನ ಸೀಟಿನಲ್ಲಿ ಕೂರಿಸಿದರು. ಇವರು ಬಾನೆಟ್ಟಿನ ಹತ್ತಿರವೇ ತಡವರಿಸುತ್ತಿದ್ದರು.

“ಸಾಕು ಮಾರಾಯ, ಹೊರಡು,” ಎಂದರು ಅತ್ತೆ. “ಹೋಗ್ತದೆ ಅದು.”

ಇವರು ಬಾನೆಟ್ ಮುಚ್ಚಿ ಕಾರು ಹೊರಡಿಸಿದರು. ಅತ್ತೆ ಹತ್ತಲಿಲ್ಲ. ದಾರಿಯುದ್ದಕ್ಕೂ ಸುಮಿತ್ರ ಪಕ್ಕದಲ್ಲಿ ಕೂತ ನನ್ನ ಕೈಯನ್ನು ಹಿಸುಕಿ ಹಿಡಿದಿದ್ದಳು. ಪ್ರತಿ ಏರು ಬಂದಾಗಲೂ, ಇಲ್ಲಿ ನಿಂತರೆ ತಾಯಿಯೂ ಇಲ್ಲ ಮಗುವೂ ಇಲ್ಲ ಎಂದುಕೊಳ್ಳುತ್ತಿದ್ದೆ. ಕಾರು ನಿಲ್ಲಲಿಲ್ಲ. ನಡುಗಲೂ ಇಲ್ಲ. ಹೊಲಿಗೆ ಯಂತ್ರದ ಹಾಗೆ ಒಂದೇ ಸಮನೆ ಓಡಿತು. ಆ ಸದ್ದು ನನ್ನ ಕಿವಿಗೆ ಚೆನ್ನಾಗಿ ಗೊತ್ತು. ನಾಲ್ಕೂ ಕೆಲಸ ಮಾಡುತ್ತಿದ್ದವು.

ಆಸ್ಪತ್ರೆಯಲ್ಲಿ ಸುಮಿತ್ರಳನ್ನು ಒಳಗೆ ಕರೆದೊಯ್ಯುವಾಗ ನರ್ಸ್ ಅವಳ ಅಂಗೈ ತಿರುಗಿಸಿ, ಇದೇನು ಗಾಯ ಎಂದು ಕೇಳಿದಳು. ಅಂಗೈ ನಡುವೆ ಮಗುವಿನ ಉಂಗುರದಷ್ಟು ಪುಟ್ಟದಾದ ಕೆಂಪು ಗುರುತು. ನನ್ನ ಕೈಯಲ್ಲೂ ಅಂಥದ್ದೇ. ನಟ್ಟು ನಮ್ಮಿಬ್ಬರ ಅಂಗೈಗಳ ನಡುವೆಯೇ ಬಂದಿತ್ತು.

ಆಪರೇಷನ್ ಮಾಡಿ ಹೆಣ್ಣು ಮಗುವನ್ನು ತೆಗೆದರು. ಇಬ್ಬರೂ ಉಳಿದರು. ಸ್ವಲ್ಪ ತಡವಾಗಿದ್ದರೆ ಎಂದು ಶುರುಮಾಡಿದ ಡಾಕ್ಟರಮ್ಮ ಮಾತನ್ನು ಅರ್ಧಕ್ಕೇ ಬಿಟ್ಟರು.

ಆಮೇಲೆ ಇವರಿಗೆ ನಟ್ಟು ತೋರಿಸಿದೆ. ಬಾನೆಟ್ ಎತ್ತಿ ನೋಡಿದರೆ ಮೂರನೆಯ ವಯರು ಬೆಳಿಗ್ಗೆ ಸಿಕ್ಕಿಸಿದ ಪೈಪಿನ ಸಂದಿಯಲ್ಲೇ ಇತ್ತು, ತುದಿಯಲ್ಲಿ ದಾರಿಯ ಧೂಳು. ಇವರು ಹಾಗೆಯೇ ಸ್ಟಾರ್ಟ್ ಮಾಡಿದರು. ಕಾರು ಗಡಗಡ ನಡುಗಿತು, ಆಸ್ಪತ್ರೆಯ ಗೇಟಿನ ಏರನ್ನೂ ಹತ್ತಲಿಲ್ಲ. ವಯರು ಕೂರಿಸಿ ನಟ್ಟು ಬಿಗಿದ ಮೇಲೆ ಸರಿಯಾಯಿತು.

ಹೆದರಿದ ಕಿವಿ ತಪ್ಪು ಕೇಳಿರಬಹುದು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ಮೂರು ಸಿಲಿಂಡರಿನಲ್ಲಿ ಖಾಲಿ ಕಾರೇ ಹತ್ತದ ಮೇಲೆ ಅಷ್ಟೂ ಏರುಗಳನ್ನು ನಮ್ಮನ್ನು ಹೊತ್ತು ಹತ್ತಿದ್ದು ಹೇಗೆ? ಗೊತ್ತಿಲ್ಲ. ಅತ್ತೆ ಈಗಿಲ್ಲ. ಇದ್ದಾಗ ಕೇಳಲು ನನಗೆ ಬಾಯಿ ಬರಲಿಲ್ಲ.

ಅವರನ್ನು ಕೇಳಬೇಕು ಅನ್ನಿಸಿದ್ದಾದರೂ ಯಾಕೆಂದರೆ, ಆ ಸಂಜೆ ಬಾಣಂತಿಗೆ ಬಟ್ಟೆ ಒಯ್ಯಲು ನಾವು ಮನೆಗೆ ಬಂದಿದ್ದೆವು. ಪಕ್ಕದ ಮನೆಯ ಖತೀಜಮ್ಮ ಬೇಲಿಯ ಹತ್ತಿರ ಬಂದು ಮಗುವಿನ ಬಣ್ಣ, ಕೂದಲು ಎಲ್ಲ ವಿಚಾರಿಸಿದರು. ಒಣಗಿದ ಬಟ್ಟೆಗಳನ್ನು ತೋಳಿಗೆ ಹಾಕಿಕೊಂಡು ಒಳಗೆ ಹೊರಟವರು ತಿರುಗಿ ಹೇಳಿದರು:

“ನಿಮ್ಮ ಅತ್ತೆಮ್ಮಂಗೆ ಬೆಳಿಗ್ಗೆ ಎಂತ ಆಗಿತ್ತು ಅಕ್ಕ? ನೀವು ಹೋದ ಮೇಲೆ ಜಗಲೀಲಿ ಕೂತು ನಾಲ್ಕು ಬೆರಳು ಎತ್ತಿ ಹಿಡಿದವರು ಇಳಿಸ್ಲೇ ಇಲ್ಲ. ಚಾ ಕುಡೀರಿ ಅಂದ್ರೂ ಮಾತಿಲ್ಲ. ಬಿಸಿಲು ಮೆಟ್ಟಿಲಿಗೆ ಬಂದ ಮೇಲೆ ಎದ್ದು ಒಳಗೆ ಹೋದ್ರು. ಕೈ ನೋವು ಬಂತು ಕಾಣ್ತದೆ.”